ಕೆಂಪೇರುವ ಮುಖಕ್ಕೆ ಯಾವ ಕ್ರೀಮು?

ಕೊಯ್ಲಿನ ಕಾಲದಲ್ಲಿ ದಿನವಿಡೀ ಕಣದ ಬಿಸಿಲಿನಲ್ಲಿ ಕಾಫಿ ಹರವುವವರ ಮುಖ ಕೆಂಪಾಗುವುದು ಸೋಮವಾರಪೇಟೆ ಕಡೆಯಲ್ಲಿ ಹೊಸದೇನಲ್ಲ. ಆದರೆ ಕೆನ್ನೆ, ಮೂಗಿನ ಕೆಂಪು ಹೋಗದೆ ನಿಂತು, ಮೊಡವೆಯಂಥ ಗುಳ್ಳೆಗಳೆದ್ದರೆ ಅದು ರೊಸೇಶಿಯ ಎಂಬ ಚರ್ಮರೋಗವಿರಬಹುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಅಷ್ಟಾಗಿ ಕಾಣದು. ಉರಿ, ಚುರುಚುರು ಎನ್ನುವುದೇ ಸೂಚನೆ.

ಇಂಥ ಮುಖಕ್ಕೆ ಅಂಗಡಿಯಲ್ಲಿ ಕೇಳಿ ತರುವ ‘ಬಿಳುಪಿನ’ ಟ್ಯೂಬು ಬೇಡವೇ ಬೇಡ. ಅದರಲ್ಲಿ ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡ್ ಇದ್ದರೆ ಮುಖ ಮೊದಲು ತಿಳಿಯಾಗುತ್ತದೆ. ಬಿಟ್ಟೊಡನೆ ಇಮ್ಮಡಿ ಕೆರಳುತ್ತದೆ, ಚರ್ಮವೂ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಮಾಡಿತು. ಈಗಾಗಲೇ ಬಹುಕಾಲ ಹಚ್ಚುತ್ತಿರುವವರು ತಾವೇ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಬೇಕು.

ಕೊಳ್ಳುವಾಗ ಗಮನಿಸಿ:

1. ಸುವಾಸನೆ, ಸ್ಪಿರಿಟ್, ಕರ್ಪೂರ, ಮೆಂಥಾಲ್ ಸೇರಿರಬಾರದು.

2. ಉಜ್ಜುವ ಸ್ಕ್ರಬ್ ಬೇಡ. ಮೃದುವಾದ ಸೋಪು, ಉಗುರುಬೆಚ್ಚಗಿನ ನೀರು ಸಾಕು.

3. ಬಿಸಿಲಿಗೆ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಕ್ರೀಮು. ಜೊತೆಗೆ ಅಗಲ ಅಂಚಿನ ಟೋಪಿ.

4. ಹೊಸದನ್ನು ಮೊದಲು ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ. ಉರಿದರೆ ಬಿಡಿ.

ಬೆಳೆಗಾರರಿಗೊಂದು ಸಮಾಧಾನ. ಅಮೆರಿಕದ 82 ಸಾವಿರಕ್ಕೂ ಹೆಚ್ಚು ದಾದಿಯರ ಮಾಹಿತಿ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಫಿ ಹೆಚ್ಚು ಕುಡಿಯುವವರಲ್ಲಿ ಈ ರೋಗ ಕಡಿಮೆಯೇ ಕಂಡಿತು. ಮುಖ ಕೆರಳಿಸುವುದು ಹೆಚ್ಚಾಗಿ ಲೋಟದ ಬಿಸಿ. ಆದ್ದರಿಂದ ಕಾಫಿ ಬಿಡಬೇಕಿಲ್ಲ, ಸ್ವಲ್ಪ ಆರಿಸಿ ಕುಡಿದರಾಯಿತು.

ಕಣ್ಣು ಕೆಂಪಾಗಿ ಉರಿಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.