ಬಾಗುವ ವಿದ್ಯೆ

ಮಳೆಗಾಲದಲ್ಲಿ ನಮ್ಮ ಸಂಸೆಯ ಜಗಲಿಗಳಿಗೆ ಬಿಡುವಿಲ್ಲ. ಒದ್ದೆ ಕಂಬಳಿ, ಕೊಡೆ, ಸೌದೆ, ನೆಂದ ನಾಯಿ, ಎಲ್ಲಕ್ಕೂ ಅದೇ ಆಶ್ರಯ. ಕಳೆದ ಆಷಾಢದಲ್ಲಿ ನಮ್ಮ ಜಗಲಿ ಒಂದು ಸೈಕಲ್ಲಿಗೂ ಆಶ್ರಯ ಕೊಡಬೇಕಾಯಿತು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ರಜೆಗೆಂದು ಬಂದವನು, ಯಾರೋ ಬಳಸಿ ಬಿಟ್ಟ ಆ ವಾಹನವನ್ನು ಬಸ್ಸಿನಲ್ಲಿ ಹೇರಿಕೊಂಡು ತಂದಿದ್ದ. ಅದರ ಹ್ಯಾಂಡಲಿಗೆ ಇಕ್ಕೆಲದಲ್ಲಿ ಎರಡು ಕೊಂಬು. ನಡುವೆ ಮುಂದಕ್ಕೆ ಚಾಚಿದ ಎರಡು ಸರಳು. ಸರಳುಗಳ ಬುಡದಲ್ಲಿ ಮೊಣಕೈ ಊರಲು ಎರಡು ಪುಟ್ಟ ದಿಂಬು. ಇದು ‘ಟೈಮ್ ಟ್ರಯಲ್’ ಸೈಕಲ್ಲು. ಈ ಪಂದ್ಯದಲ್ಲಿ ಸವಾರರು ಒಟ್ಟಿಗೆ ಹೊರಡುವುದಿಲ್ಲ. ಒಬ್ಬೊಬ್ಬನಾಗಿ ಹೊರಟು ಗಡಿಯಾರದೊಡನೆ ಸೆಣಸುತ್ತಾರೆ. ಮುಂದಿನವನ ಬೆನ್ನ ಮರೆ ಇಲ್ಲದ್ದರಿಂದ ಇಡೀ ಗಾಳಿಯನ್ನು ತಾನೇ ಸೀಳಿಕೊಂಡು ಹೋಗಬೇಕು.

ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೇನೆ. ಗಂಟೆಗೆ 30 ಕಿಲೋಮೀಟರಿನಿಂದ 40ಕ್ಕೆ ಏರಬೇಕಾದರೆ ಗಾಳಿಯೊಂದಕ್ಕೇ ಎರಡೂಕಾಲು ಪಟ್ಟಿಗೂ ಮಿಗಿಲಾದ ಶಕ್ತಿ ಬೇಕು. ಆ ತಡೆಯಲ್ಲಿ ಸೈಕಲ್ಲಿನ ಪಾಲು ಅಲ್ಪ. ಬಹುಪಾಲು ಸವಾರನ ದೇಹದ್ದೇ. ಆದ್ದರಿಂದಲೇ ಬಾಗುವುದು ಒಂದು ವಿದ್ಯೆಯಾಯಿತು. 1989ರ ಜುಲೈ 23ರಂದು, ಫ್ರಾನ್ಸ್ ಪ್ರವಾಸ ಪಂದ್ಯದ ಕೊನೆಯ ದಿನ, ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ವರ್ಸೇಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರು. ಇಂಥ ಚಾಚುಸರಳುಗಳ ಮೇಲೆ ಮೊಣಕೈ ಊರಿ ಓಡಿಸಿ, ಮೂರು ವಾರಗಳ ಪಂದ್ಯವನ್ನು ಎಂಟೇ ಸೆಕೆಂಡುಗಳಿಂದ ಗೆದ್ದ. ಸೋತ ಲೊರಾಂ ಫಿನ್ಯೋನನ ಸೈಕಲ್ಲಿಗೆ ಆ ಸರಳುಗಳಿರಲಿಲ್ಲ. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ವಿಜಯಪುರ, ಬಾಗಲಕೋಟೆಗಳ ಬಯಲು ರಸ್ತೆಗಳು ಎಷ್ಟೋ ಸವಾರರನ್ನು ಬೆಳೆಸಿವೆ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಪಂದ್ಯದ ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಸಿದರು. ಹುಡುಗನ ಕೋಣೆಯ ಗೋಡೆಯ ಮೇಲೆ ಇಂಥವರ ಚಿತ್ರಗಳೇ ತುಂಬಿವೆಯಂತೆ. ಅನರ್ಥಕ್ಕೆ ಮೊದಲಾದದ್ದೂ ಆ ಚಿತ್ರಗಳಿಂದಲೇ.

ಚಿತ್ರದಲ್ಲಿ ಕಂಡಂತೆ ಅವನು ದಿಂಬುಗಳನ್ನು ಇಳಿಸಬಲ್ಲಷ್ಟು ಕೆಳಕ್ಕೆ ಇಳಿಸಿಬಿಟ್ಟಿದ್ದ. ಹಿಂದಿನ ಗಾಲಿಯನ್ನು ಒಂದು ಸ್ಟ್ಯಾಂಡಿಗೆ ಕಚ್ಚಿಸಿ, ನಿಂತಲ್ಲೇ ತುಳಿಯತೊಡಗಿದ. ಐದು ನಿಮಿಷದಲ್ಲಿ ಉಸಿರು ಕಟ್ಟಿತು. ತೊಡೆ ಪ್ರತಿ ಸುತ್ತಿಗೂ ಹೊಟ್ಟೆಗೆ ಒತ್ತುತ್ತಿತ್ತು. ನೆಟ್ಟಗೆ ಕುಳಿತಾಗ 210 ವ್ಯಾಟ್ ತೋರಿಸುತ್ತಿದ್ದ ಯಂತ್ರ ಈಗ 185ಕ್ಕೆ ಇಳಿಯಿತು. ಎಲ್ಲಕ್ಕಿಂತ ವಿನೋದವೆಂದರೆ, ಬೆನ್ನು ತಗ್ಗಿದಷ್ಟೂ ದಾರಿ ನೋಡಲೆಂದು ತಲೆ ಆಮೆಯ ಹಾಗೆ ಮೇಲಕ್ಕೆ ಎದ್ದಿತ್ತು.

“ಸ್ವಲ್ಪ ಎತ್ತರಿಸೋಣ,” ಎಂದೆ.

“ಎತ್ತರಿಸಿದರೆ ಗಾಳಿಗೆ ಎದೆ ಒಡ್ಡಿದ ಹಾಗಲ್ಲವೆ ದೊಡ್ಡಪ್ಪ?”

“ಈಗ ಮುಖ ಒಡ್ಡಿದ್ದೀಯಲ್ಲ ಮಾರಾಯ!”

ಹ್ಯಾಂಡಲಿನಿಂದ ಆರಂಭಿಸಿದ್ದೇ ತಪ್ಪಾಗಿತ್ತು. ದೇಹ ಬಾಗುವುದು ಸೊಂಟದಲ್ಲಿ. ಮೊದಲು ಸೀಟು ನೆಲೆಗೊಳ್ಳಬೇಕು. ಗಾರೆಯವರ ರಸಮಟ್ಟವನ್ನು ಸೀಟಿನ ಮೇಲಿಟ್ಟು ನೋಡಿ, ಅದನ್ನು ಎರಡು ಸೆಂಟಿಮೀಟರು ಮುಂದಕ್ಕೆ ಸರಿಸಿದೆವು. ಮುಂದೆ ಸರಿದಾಗ ಪೆಡಲು ಹತ್ತಿರವಾಗುತ್ತದೆಯಾದ್ದರಿಂದ ತುಸು ಮೇಲಕ್ಕೂ ಎತ್ತಿದೆವು. ತೊಡೆಗೂ ಹೊಟ್ಟೆಗೂ ನಡುವೆ ಜಾಗ ಹುಟ್ಟಿತು. ಅನಂತರ ದಿಂಬುಗಳ ಸರದಿ. ಅವುಗಳ ಅಡಿಗೆ ಬಿಲ್ಲೆಗಳನ್ನು ಸೇರಿಸಿ ಎರಡೂವರೆ ಸೆಂಟಿಮೀಟರು ಏರಿಸಿದೆವು. ಭುಜದಿಂದ ಮೊಣಕೈ ಹೆಚ್ಚುಕಡಿಮೆ ನೇರ ಕೆಳಗಿಳಿದು ತುಸುವೇ ಮುಂದಿರಬೇಕು. ಆಗ ಮೈಭಾರವನ್ನು ಎಲುಬು ಹೊರುತ್ತದೆ, ಸ್ನಾಯು ದಣಿಯುವುದಿಲ್ಲ. ದಿಂಬು ತಾಗಬೇಕಾದದ್ದು ಮೊಣಕೈಯ ಗಂಟಿಗಲ್ಲ, ಅದರ ಮುಂದಿನ ಮಾಂಸಲ ಭಾಗಕ್ಕೆ. ಕೊನೆಗೆ ಸರಳುಗಳ ತುದಿಯನ್ನು ಕೊಂಚ ಮೇಲಕ್ಕೆ ಓರೆಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದಕ್ಕೂ ಇಪ್ಪತ್ತು ನಿಮಿಷದ ತುಳಿತ. ಫಲವೆಲ್ಲ ತೋಟದ ಲೆಕ್ಕದ ಪುಸ್ತಕದಲ್ಲಿ, ಆಳುಗಳ ಹಾಜರಿಯ ಪಕ್ಕದಲ್ಲಿ.

ಗಾಳಿಸುರಂಗವನ್ನು ಸಂಸೆಗೆ ತರಿಸುವುದು ನಮ್ಮಿಂದಾಗದ ಕೆಲಸ. ಬಿಳಿಗೋಡೆಯೆದುರು ಸೈಕಲ್ಲು ನಿಲ್ಲಿಸಿ, ಒಂದೇ ದೂರದಿಂದ ಮುಂಭಾಗದ ಚಿತ್ರಗಳನ್ನು ತೆಗೆದು ಹೋಲಿಸಿದೆವು. ಎತ್ತರಿಸಿದ ದಿಂಬಿನ ಚಿತ್ರದಲ್ಲಿ ಸವಾರ ಚಿಕ್ಕವನಾಗಿದ್ದ! ಕೈಗಳು ಮುಖದ ಮುಂದೆ ಬಂದಿದ್ದವು, ಕುತ್ತಿಗೆ ಸಡಿಲಗೊಂಡು ತಲೆ ತಾನಾಗಿ ಭುಜಗಳ ನಡುವೆ ಇಳಿದಿತ್ತು. ಯಂತ್ರ 205 ತೋರಿಸಿತು. ಹುಡುಗ ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

ಮೂರನೆಯ ದಿನ ಮಳೆ ಹೊಳವಾಯಿತು. ಕಳಸದವರೆಗೆ ಹೋಗಿಬರುತ್ತೇನೆಂದು ಅವನು ಹಟ ಹಿಡಿದ. ನಾನು ಒಪ್ಪಲಿಲ್ಲ. ಈ ಸೈಕಲ್ಲಿನಲ್ಲಿ ಬ್ರೇಕುಗಳಿರುವುದು ಕೊಂಬುಗಳಲ್ಲಿ, ಕೈಗಳಿರುವುದು ಸರಳುಗಳಲ್ಲಿ. ತಿರುವಿನಾಚೆಯಿಂದ ಲಾರಿಯೋ ದನವೋ ಬಂದರೆ ಕೈ ಸರಿಸುವಷ್ಟು ಕಾಲ ಸಿಕ್ಕುವುದಿಲ್ಲ. ನಮ್ಮ ರಸ್ತೆಯಲ್ಲಿ ನೇರವಾದ ಒಂದು ಫರ್ಲಾಂಗೂ ಅಪರೂಪ. “ನಿಮಗೆ ಹೆದರಿಕೆ,” ಎಂದು ಹೇಳಿ, ರಾತ್ರಿ ಊಟಕ್ಕೆ ಕುಳಿತಾಗಲೂ ಮಾತಾಡಲಿಲ್ಲ.

ಹೆದರಿಕೆ ನಿಜ. ಊಟವಾದ ಮೇಲೆ ಅವನನ್ನು ಜಗಲಿಗೆ ಕರೆದು, ಅಂಗಿ ಬಿಚ್ಚಿ, ಎಡಗೈಯನ್ನು ಆ ದಿಂಬಿನ ಮೇಲಿಡಲು ಯತ್ನಿಸಿದೆ. ಅದು ಅಲ್ಲಿಗೆ ಮುಟ್ಟುವುದಿಲ್ಲ. ನಾಲ್ಕು ದಶಕಗಳಿಗೂ ಹಿಂದೆ ಮೈಸೂರಿನಲ್ಲಿ ಓದುತ್ತಿದ್ದಾಗ, ಮಾಮೂಲಿ ಸೈಕಲ್ಲಿನ ಹ್ಯಾಂಡಲನ್ನು ತಲೆಕೆಳಗು ತಿರುಗಿಸಿ, ಪಂದ್ಯದ ಸವಾರನ ಠೀವಿಯಲ್ಲಿ ನೆಲ ನೋಡುತ್ತ ಹೋದವನಿಗೆ ನಿಂತಿದ್ದ ಎತ್ತಿನ ಗಾಡಿ ಕಾಣಲಿಲ್ಲ. ಕೊರಳೆಲುಬು ಮುರಿದು ಓರೆಯಾಗಿಯೇ ಕೂಡಿಕೊಂಡಿತು. ಮನೆಯಲ್ಲಿ ಎಲ್ಲರಿಗೂ ಮೆಟ್ಟಿಲಿನಿಂದ ಬಿದ್ದೆನೆಂದು ಹೇಳಿದ್ದೆ. ಅವನ ಅಪ್ಪನಿಗೆ ಇಂದಿಗೂ ಅಷ್ಟೇ ಗೊತ್ತು. ಹುಡುಗ ಎಲುಬಿನ ಗಂಟನ್ನು ಬೆರಳಿನಿಂದ ಮುಟ್ಟಿನೋಡಿದ. ಮರುದಿನ ಕಳಸದ ಮಾತು ಎತ್ತಲಿಲ್ಲ. ಸೀಟಿನ ಕಂಬಕ್ಕೂ ದಿಂಬಿನ ಬುಡಕ್ಕೂ ಕೆಂಪು ಟೇಪು ಸುತ್ತಿ ಗುರುತು ಹಾಕಿ, ಸೈಕಲ್ಲನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿದ.

ತಿಂಗಳ ಮೇಲೆ ಬೆಂಗಳೂರಿನಿಂದ ಫೋನು ಬಂತು. ಹೊರವಲಯದ ನೇರ ರಸ್ತೆಯಲ್ಲಿ, ವಾಹನ ತಡೆದು ನಡೆಸಿದ ಪಂದ್ಯ. 20 ಕಿಲೋಮೀಟರಿಗೆ 31 ನಿಮಿಷ. ಹಿಂದಿರುಗುವ ತಿರುವಿನಲ್ಲಿ ಮಾತ್ರ ಕೈ ಕೊಂಬಿಗೆ ಹೋಗಿತ್ತಂತೆ.

“ಎಷ್ಟನೆಯವನಾದೆ?”

“ಹದಿನೇಳನೆಯವನು.”

“ಕುತ್ತಿಗೆ ನೋವು?”

“ಇಲ್ಲ ದೊಡ್ಡಪ್ಪ. ಎಡಗಡೆಯ ದಿಂಬು ಮಾತ್ರ ಇನ್ನೂ ಅರ್ಧ ಸೆಂಟಿಮೀಟರು ಒಳಕ್ಕೆ ಬರಬೇಕು. ಪುಸ್ತಕದಲ್ಲಿ ಬರೆದಿಡಿ.”