ದಾರಿ ತಪ್ಪಿದ ಪ್ರಶ್ನೆಯನ್ನು ಸರಿಯಾದ ಬಾಗಿಲಿಗೆ ತಲುಪಿಸುವ ಬಗೆ

ಇಂದು ಸಣ್ಣ ಕೈಗಾರಿಕಾ ಘಟಕಗಳಲ್ಲಿಯೂ ಸಗಟು ಮಳಿಗೆಗಳಲ್ಲಿಯೂ ಲೆಕ್ಕಪತ್ರ, ದಾಸ್ತಾನು, ಬಿಲ್ಲು ಮುಂತಾದವೆಲ್ಲ ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ತಂತ್ರಾಂಶದಲ್ಲಿ ತೊಡಕು ಉಂಟಾದಾಗ ಸಿಬ್ಬಂದಿ ಅಂತರಜಾಲದ ಪ್ರಶ್ನೋತ್ತರ ತಾಣಗಳ ಮೊರೆಹೋಗುವುದು ಸಾಮಾನ್ಯ. ಅಲ್ಲಿ ಕೇಳಿದ ಪ್ರಶ್ನೆಯನ್ನು ತಾಣದ ವ್ಯಾಪ್ತಿಗೆ ಸೇರಿದ್ದಲ್ಲವೆಂದು ಮುಚ್ಚಿ, ಸೋದರ ತಾಣವೊಂದಕ್ಕೆ ವರ್ಗಾಯಿಸುವ ಪದ್ಧತಿಯಿದೆ. ಇದನ್ನು ಅರಿತರೆ ಉತ್ತರ ಬೇಗ ದೊರೆಯುವುದಲ್ಲದೆ, ನಮ್ಮಲ್ಲಿಗೆ ಬರುವ ಗ್ರಾಹಕರ ವಿಚಾರಣೆಗಳನ್ನು ನಿರ್ವಹಿಸುವುದಕ್ಕೂ ಒಂದು ಮಾದರಿ ಸಿಗುತ್ತದೆ.

ತಾಣಗಳ ವ್ಯಾಪ್ತಿ

ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಅವರು 2008ರಲ್ಲಿ ಆರಂಭಿಸಿದ ಸ್ಟ್ಯಾಕ್ ಓವರ್‌ಫ್ಲೋ ಪ್ರೋಗ್ರಾಂ ಬರೆಯುವವರಿಗೆ ಮೀಸಲಾದುದು. 2009ರಲ್ಲಿ ಇದರ ಜೊತೆಗೆ ಸರ್ವರ್ ಫಾಲ್ಟ್ ಮತ್ತು ಸೂಪರ್ ಯೂಸರ್ ಎಂಬ ತಾಣಗಳು ಬಂದವು. ಬಿಲ್ಲಿನ ಪ್ರೋಗ್ರಾಂ ಬರೆಯುವಾಗ ಎದುರಾದ ದೋಷ ಮೊದಲನೆಯ ತಾಣಕ್ಕೆ ಸೇರಿದ್ದು. ಸಂಸ್ಥೆಯ ಸರ್ವರ್ ನಿರ್ವಹಣೆಯ ಸಮಸ್ಯೆ ಸರ್ವರ್ ಫಾಲ್ಟ್‌ಗೆ, ಮೇಜಿನ ಮೇಲಿನ ಗಣಕಯಂತ್ರ ನಿಧಾನವಾದರೆ ಆ ಪ್ರಶ್ನೆ ಸೂಪರ್ ಯೂಸರ್‌ಗೆ ಸಲ್ಲುತ್ತದೆ.

ವರ್ಗಾವಣೆಯ ನಿಯಮಗಳು

ಪ್ರಶ್ನೆಯನ್ನು ವರ್ಗಾಯಿಸುವುದು ಅನುಭವಿ ಸದಸ್ಯರ ಮತಗಳಿಂದ ಅಥವಾ ಮೇಲ್ವಿಚಾರಕರ ನಿರ್ಧಾರದಿಂದ. ಅಷ್ಟರಲ್ಲಿ ಬಂದಿದ್ದ ಉತ್ತರಗಳೂ ಅದರೊಂದಿಗೆ ಹೋಗುತ್ತವೆ. ಕೇಳಿದವರು ಹೊಸ ತಾಣದಲ್ಲಿ ಖಾತೆ ತೆರೆದು ಪ್ರಶ್ನೆಯನ್ನು ತಮ್ಮದಾಗಿಸಿಕೊಳ್ಳಬಹುದು. ಆದರೆ ಎಲ್ಲ ಪ್ರಶ್ನೆಗಳಿಗೂ ಈ ಸೌಲಭ್ಯವಿಲ್ಲ. 60 ದಿನ ಮೀರಿದ ಪ್ರಶ್ನೆಯನ್ನು ವರ್ಗಾಯಿಸಲಾಗದು. ಅಸ್ಪಷ್ಟವಾದ, ವಿವರಗಳಿಲ್ಲದ ಪ್ರಶ್ನೆಯನ್ನು ನೆರೆಯ ತಾಣಕ್ಕೆ ಸಾಗಹಾಕುವುದು ಸಲ್ಲದೆಂಬುದು ಅಲ್ಲಿನ ಒಪ್ಪಿತ ನೀತಿ. ಸ್ವೀಕರಿಸಿದ ತಾಣದವರು ಅದನ್ನು ಅನುಚಿತವೆಂದು ಮುಚ್ಚಿದರೆ ವರ್ಗಾವಣೆಯೇ ತಿರಸ್ಕೃತವಾಗಿ, ಪ್ರಶ್ನೆ ಮೊದಲಿನ ತಾಣದಲ್ಲಿ ಮುಚ್ಚಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಹೀಗಾಗಿ ಕಳುಹಿಸುವವರಿಗೂ ಹೊಣೆಯಿದೆ, ಸ್ವೀಕರಿಸುವವರಿಗೂ ಅಧಿಕಾರವಿದೆ.

ಪ್ರಶ್ನೆ ಕೇಳುವ ಸಿಬ್ಬಂದಿ ಮೊದಲು ತಾಣದ ವ್ಯಾಪ್ತಿಯನ್ನು ಓದಬೇಕು. ಒಂದೇ ಪ್ರಶ್ನೆಯನ್ನು ಎರಡು ತಾಣಗಳಲ್ಲಿ ಹಾಕಬಾರದು. ತಂತ್ರಾಂಶದ ಆವೃತ್ತಿ ಮತ್ತು ದೋಷಸೂಚನೆಯ ಪೂರ್ಣ ಪಾಠವನ್ನು ಕೊಡಬೇಕು. ಸಂಸ್ಥೆಯ ಗುಪ್ತಪದವನ್ನಾಗಲಿ, ಗ್ರಾಹಕರ ವಿವರಗಳನ್ನಾಗಲಿ ಎಂದಿಗೂ ನಮೂದಿಸಬಾರದು.

ಕಾನೂನಿನಲ್ಲಿಯೂ ಇದೇ ತತ್ತ್ವ

ಈ ತತ್ತ್ವ ನಮ್ಮ ದೇಶದ ಕಾನೂನಿಗೂ ಹೊಸದಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 6(3)ನೇ ಪ್ರಕರಣದಂತೆ, ಅರ್ಜಿಯಲ್ಲಿ ಕೋರಿದ ಮಾಹಿತಿ ಬೇರೊಂದು ಸಾರ್ವಜನಿಕ ಪ್ರಾಧಿಕಾರದ ಬಳಿಯಿದ್ದರೆ, ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಅರ್ಜಿದಾರರಿಗೆ ಕೂಡಲೇ ತಿಳಿಸಲೂ ಬೇಕು. ಅರ್ಜಿ ತಪ್ಪು ಕಚೇರಿಗೆ ಬಂತೆಂಬ ಒಂದೇ ಕಾರಣಕ್ಕೆ ಹಿಂದಿರುಗಿಸಿ ಕೈತೊಳೆದುಕೊಳ್ಳುವುದು ಅಧಿನಿಯಮದ ಆಶಯವಲ್ಲ.

ನಮ್ಮ ವ್ಯವಹಾರಕ್ಕೆ ಅನ್ವಯ

ಬಿಡಿಭಾಗದ ದರ ಕೇಳಲು ಗ್ರಾಹಕರು ಉತ್ಪಾದನಾ ವಿಭಾಗಕ್ಕೆ ದೂರವಾಣಿ ಮಾಡಿದರೆಂದುಕೊಳ್ಳೋಣ. “ಅದು ನಮ್ಮ ವಿಭಾಗವಲ್ಲ” ಎಂಬ ಉತ್ತರ ದೊರೆತರೆ ಅವರ ಮುಂದಿನ ಕರೆ ಬೇರೆ ಮಾರಾಟಗಾರರಿಗೆ ಹೋಗಬಹುದು. ಕರೆ ಸ್ವೀಕರಿಸಿದವರೇ ವಿವರ ಬರೆದುಕೊಂಡು ಮಾರಾಟ ವಿಭಾಗಕ್ಕೆ ದಾಟಿಸಿ, ಯಾರು ಯಾವಾಗ ಉತ್ತರಿಸುವರೆಂದು ಗ್ರಾಹಕರಿಗೆ ತಿಳಿಸುವುದು ಉತ್ತಮ. ಮಾರಾಟ ವಿಭಾಗದವರು ಒಪ್ಪಿಕೊಂಡ ಬಳಿಕವೇ ವರ್ಗಾವಣೆ ಮುಗಿಯಿತೆಂದು ತಿಳಿಯಬೇಕು.

ಇದಕ್ಕೆ ಬಂಡವಾಳ ಬೇಕಿಲ್ಲ. ವಿಚಾರಣೆ ಬಂದ ದಿನಾಂಕ, ದಾಟಿಸಿದ ವಿಭಾಗ, ಸ್ವೀಕರಿಸಿದವರ ಸಹಿ, ಉತ್ತರಿಸಿದ ದಿನಾಂಕ ಎಂಬ ನಾಲ್ಕು ಅಂಕಣಗಳ ಒಂದು ವಹಿ ಸಾಕು. ಕೊನೆಯ ಅಂಕಣ ಖಾಲಿ ಉಳಿದ ಸಾಲುಗಳನ್ನು ಮಾಲೀಕರು ವಾರಕ್ಕೊಮ್ಮೆ ನೋಡಿದರೆ, ಕೈತಪ್ಪುತ್ತಿರುವ ವ್ಯಾಪಾರ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.