ಏರು, ಇಲ್ಲವೇ ಹೊರಡು

ಹೊಸದಾಗಿ ಸನ್ನದು ಪಡೆದ ಹುಡುಗ ಹಿರಿಯ ವಕೀಲರ ಛೇಂಬರು ಸೇರುತ್ತಾನೆ. ಫೈಲು ಹೊರುತ್ತಾನೆ, ಮುದ್ದತು ಕೇಳುತ್ತಾನೆ, ಟೈಪಿಂಗ್ ಅಂಗಡಿಗೆ ಓಡುತ್ತಾನೆ. ಸಂಬಳದ ಮಾತನ್ನು ಅವನೂ ಎತ್ತುವುದಿಲ್ಲ, ಸೀನಿಯರ್ರೂ ಎತ್ತುವುದಿಲ್ಲ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇಂದಿಗೂ ಕಾಣುವ ಈ ಚಿತ್ರ ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. ಅಲ್ಲಿ ಕಾನೂನು ಕಲಿಯಬಂದವನಿಗೆ ಮೇಜಿನ ಮೂಲೆ ಕೊಟ್ಟದ್ದೇ ದೊಡ್ಡ ಉಪಕಾರ. ಕೆಲವೆಡೆ ಅವನೇ ವಕೀಲರಿಗೆ ಶುಲ್ಕ ತೆರಬೇಕಿತ್ತು.

ಈ ಲೆಕ್ಕವನ್ನು ತಿರುವುಮುರುವು ಮಾಡಿದವರಲ್ಲಿ ಹೆಸರು ಉಳಿಸಿಕೊಂಡಾತ ಪಾಲ್ ಕ್ರವಾತ್. 1861ರಲ್ಲಿ ಓಹಿಯೋದಲ್ಲಿ ಹುಟ್ಟಿದ, ಆರಡಿ ಮೀರಿದ ಎತ್ತರದ ಮನುಷ್ಯ. 1886ರಲ್ಲಿ ಕೊಲಂಬಿಯಾ ಕಾನೂನು ಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದ. ವಿದ್ಯುತ್ ಬಲ್ಬಿನ ಪೇಟೆಂಟಿಗಾಗಿ ಎಡಿಸನ್ ಮತ್ತು ವೆಸ್ಟಿಂಗ್‌ಹೌಸ್ ಕಚ್ಚಾಡಿದಾಗ ವೆಸ್ಟಿಂಗ್‌ಹೌಸ್ ಕಡೆಯ ವಕಾಲತ್ತು ವಹಿಸಿದ ಈತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಅವನ ಹೆಸರನ್ನೇ ಹೊತ್ತ ಕಚೇರಿಗೆ ಅವನು ಸೇರಿದ್ದು 1899ರಲ್ಲಿ.

ಆಗ ರೈಲ್ವೆ, ವಿದ್ಯುತ್, ಬ್ಯಾಂಕು ಎಲ್ಲವೂ ದೈತ್ಯ ಕಂಪನಿಗಳಾಗಿ ಬೆಳೆಯುತ್ತಿದ್ದ ಕಾಲ. ಒಬ್ಬ ಘಟಾನುಘಟಿ ವಕೀಲನ ವಾಕ್ಚಾತುರ್ಯದಿಂದ ಅವುಗಳ ಕೆಲಸ ಸಾಗುವಂತಿರಲಿಲ್ಲ. ಹತ್ತಾರು ತಲೆಗಳು ಒಂದೇ ಶಿಸ್ತಿನಲ್ಲಿ ದುಡಿಯಬೇಕಿತ್ತು. ಕ್ರವಾತ್ ಕಂಡುಕೊಂಡ ದಾರಿ ಸರಳ. ಹಾರ್ವರ್ಡ್, ಕೊಲಂಬಿಯಾ, ಯೇಲ್‌ಗಳ ಸಾಲಿನ ಕಾನೂನು ಶಾಲೆಗಳಲ್ಲಿ ಮುಂದಿರುವವರನ್ನು ಓದು ಮುಗಿಯುತ್ತಲೇ ಕರೆತರುವುದು. ಮೊದಲ ದಿನದಿಂದಲೇ ಸಂಬಳ. ಸ್ವಂತ ಕಕ್ಷಿದಾರರನ್ನು ಇಟ್ಟುಕೊಳ್ಳುವಂತಿಲ್ಲ. ಕೆಲಕಾಲ ಒಬ್ಬ ಪಾಲುದಾರನ ಕೈಕೆಳಗೆ, ಆಮೇಲೆ ಇನ್ನೊಬ್ಬನ ಬಳಿ. ದೊಡ್ಡ ವ್ಯವಹಾರವನ್ನು ತುಂಡು ತುಂಡು ಮಾಡಿ, ಒಂದು ತುಂಡನ್ನು ಚೊಕ್ಕವಾಗಿ ಮಾಡಲು ಕಲಿತವನಿಗಷ್ಟೇ ಮುಂದಿನದು.

ನಿಜವಾದ ಗಾಳ ಇದ್ದದ್ದು ಬೇರೆಡೆ. ಪಾಲುದಾರಿಕೆ ಹೊರಗಿನವರಿಗೆ ಸಿಗುತ್ತಿರಲಿಲ್ಲ, ಒಳಗೇ ಬೆಳೆದವರಿಗೆ ಮಾತ್ರ. ಏರಲಾಗದವರು ಕೆಲವು ವರ್ಷಗಳಲ್ಲಿ ಜಾಗ ಖಾಲಿ ಮಾಡಬೇಕು. ಪ್ರತಿಭೆಯನ್ನು ಉಳಿಸಿಕೊಳ್ಳಲೆಂದು ಕಟ್ಟಿದ ಪದ್ಧತಿ ಬಂದವರಲ್ಲಿ ಹೆಚ್ಚಿನವರನ್ನು ಹೊರಗೇ ಕಳಿಸುತ್ತಿತ್ತು ಎಂಬುದು ತಮಾಷೆ. ಆದರೆ ಬರಿಗೈಯಲ್ಲಿ ಅಲ್ಲ: ಹೋಗುವವನಿಗೆ ಕಕ್ಷಿದಾರ ಕಂಪನಿಗಳಲ್ಲೇ ಕೆಲಸ ಹುಡುಕಿಕೊಡುತ್ತಿದ್ದರು. ಹಾಗೆ ಹೋದವನು ನಾಳೆ ಯಾವ ವಕೀಲರಿಗೆ ಫೋನ್ ಮಾಡುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

‘ಪ್ರತಿಭೆ’ ಎಂಬ ಪದಕ್ಕೆ ಬೇಲಿಯೂ ಇತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಮುಂಚೂಣಿಯಲ್ಲಿದ್ದು 1952ರಲ್ಲಿ ಹೊರಬಂದ ಸಾಂಡ್ರಾ ಡೇ ಓ’ಕಾನರ್ ಅವರಿಗೆ ಕ್ಯಾಲಿಫೋರ್ನಿಯಾದ ಒಂದು ಕಚೇರಿ ಕೊಡಲು ಮುಂದಾದದ್ದು ಕಾರ್ಯದರ್ಶಿ ಕೆಲಸ. 1959ರಲ್ಲಿ ಕೊಲಂಬಿಯಾದಲ್ಲಿ ಮೊದಲ ಸ್ಥಾನ ಹಂಚಿಕೊಂಡ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ ನ್ಯೂಯಾರ್ಕಿನ ಯಾವ ಕಚೇರಿಯ ಬಾಗಿಲೂ ತೆರೆಯಲಿಲ್ಲ. ಇಬ್ಬರೂ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಕ್ರವಾತ್ ಕಚೇರಿಗೆ ಮೊದಲ ಮಹಿಳಾ ಪಾಲುದಾರರಾಗಿ ಕ್ರಿಸ್ಟೀನ್ ಬೆಷಾರ್ ಬಂದದ್ದು 1971ರಲ್ಲಿ. ಕಚೇರಿಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗಾಗಿ ಹಟ ಹಿಡಿದವರೂ ಅವರೇ.

1968ರಲ್ಲಿ ಅದೇ ಕಚೇರಿ ಹೊಸಬರ ವಾರ್ಷಿಕ ಸಂಬಳವನ್ನು ಒಮ್ಮೆಲೇ 15,000 ಡಾಲರ್‌ಗೆ ಏರಿಸಿದಾಗ ಉಳಿದವರು ಬೆಚ್ಚಿದರು, ಬೇರೆ ದಾರಿ ಕಾಣದೆ ತಾವೂ ಏರಿಸಿದರು. ಆ ಮೇಲಾಟ ಇನ್ನೂ ನಿಂತಿಲ್ಲ. 2023ರ ಹೊತ್ತಿಗೆ ಅಂಕಿ 2,25,000 ಡಾಲರ್ ಮುಟ್ಟಿತ್ತು. ಸ್ಟೀವನ್ ಬ್ರಿಲ್ 1979ರಲ್ಲಿ ಆರಂಭಿಸಿದ ‘ಅಮೆರಿಕನ್ ಲಾಯರ್’ ಪತ್ರಿಕೆ 1985ರಿಂದ ಕಚೇರಿಗಳ ಲಾಭದ ಪಟ್ಟಿಯನ್ನೇ ಅಚ್ಚುಹಾಕತೊಡಗಿತು. ಪಕ್ಕದ ಕಚೇರಿಯ ಪಾಲುದಾರನ ಜೇಬಿನ ತೂಕ ತಿಳಿದ ಮೇಲೆ ನಿಷ್ಠೆ ಎಷ್ಟು ದಿನ ಬಾಳೀತು? ಹಿರಿತನಕ್ಕೆ ತಕ್ಕ ಪಾಲು ಎಂಬ ಹಳೆಯ ನಿಯಮವನ್ನು ಕ್ರವಾತ್ ಕಚೇರಿಯೇ 2021ರ ಕೊನೆಯಲ್ಲಿ ಸಡಿಲಿಸಿತು. 2023ರಲ್ಲಿ ಲಾಭದ ಪಾಲಿಲ್ಲದ, ಸಂಬಳದ ಪಾಲುದಾರರೆಂಬ ಹೊಸ ಮೆಟ್ಟಿಲನ್ನೂ ಕಟ್ಟಿತು. ಏರದವನು ಈಗ ಹೊರಡಲೇಬೇಕೆಂದಿಲ್ಲ.

ಈ ಗಾಳಿ ಭಾರತಕ್ಕೆ ಬೀಸಿದ ಒಂದು ಮುಖ್ಯ ಬಾಗಿಲು ಬೆಂಗಳೂರಿನದು. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ತರಗತಿಗಳು 1988ರಲ್ಲಿ ಶುರುವಾದವು. ಮೊದಲ ತಂಡ 1993ರಲ್ಲಿ ಹೊರಬಂದಾಗ ಉದಾರೀಕರಣಕ್ಕೆ ಎರಡು ವರ್ಷ ವಯಸ್ಸು. ಮುಂಬೈ, ದೆಹಲಿಯ ಕಚೇರಿಗಳಿಗೆ ಒಪ್ಪಂದ ಬರೆಯುವ ಕೈಗಳು ಬೇಕಿದ್ದವು. ನಾಗರಭಾವಿಯ ಕ್ಯಾಂಪಸ್ಸಿನಲ್ಲಿ ಇಂದು ‘ಡೇ ಝೀರೋ’ ಎಂದರೆ ಕೆಲಸ ಹಂಚಿಹೋಗುವ ದಿನವೆಂದು ಹೇಳಿಕೊಡಬೇಕಿಲ್ಲ.

ನಾಗರಭಾವಿಯಿಂದ ಕೆಲವೇ ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ತಾಲ್ಲೂಕು ಕೋರ್ಟಿನ ಜೂನಿಯರ್ ಕತೆ ಬೇರೆ. ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು ಸೀನಿಯರ್‌ಗಳಿಗೆ ಸುತ್ತೋಲೆ ಬರೆದದ್ದು 2024ರ ಅಕ್ಟೋಬರಿನಲ್ಲಿ. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ.